ಬೆಳಗ್ಗೆ ಎದ್ದ ಕೂಡಲೇ ಮನಸ್ಸು ಕುಗ್ಗಿರುತ್ತೆ. ವಿಶ್ವಾಸಿಗಳು ದಿನ ಹೇಗೆ ಶುರು ಮಾಡ್ತೀರಿ?

ಕೆಂಗೇರಿ_ತಾಯಿ

ಎಲ್ಲರಿಗೂ ವಂದನೆ. ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನಮ್ಮ ಯಜಮಾನರ ಕೆಲಸ ಮಳೆಗಾಲಕ್ಕೆ ಮುಂಚೆ ಹೋಯಿತು. ಅತ್ತೆಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ, ಎಲ್ಲ ಹಾಸಿಗೆಯಲ್ಲೇ. ಮಗ ಹತ್ತನೇ ಕ್ಲಾಸು. ನಾನು ಅತ್ತೆಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ, ಮೆಟ್ರೋ ಹಿಡಿದು ಎಂ.ಜಿ. ರೋಡ್ ಹತ್ತಿರ ಆಫೀಸಿಗೆ ಹೋಗಬೇಕು. ಪ್ರಾರ್ಥನೆ ಬಿಟ್ಟಿಲ್ಲ. ಭಾನುವಾರ ಆರಾಧನೆ ಮುಗಿಸಿ ಬರುವಾಗ ಮನಸ್ಸು ಹಗುರ ಇರುತ್ತೆ. ಮಂಗಳವಾರದ ಹೊತ್ತಿಗೆ ಅದರ ಸುಳಿವೂ ಇರಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗ ಮೊದಲು ಬರುವ ಯೋಚನೆ "ಅಯ್ಯೋ, ಮತ್ತೆ ಬೆಳಗಾಯ್ತಲ್ಲ" ಅಂತ.

ಸಂತೋಷವಾಗಿರೋದು ನಮ್ಮ ಕೈಯಲ್ಲೇ ಇದೆ, ನಂಬಿಕೆ ಇದ್ದವರು ದಿನಾ ಒಳ್ಳೇ ಮನಸ್ಸಿನಿಂದ ಏಳಬೇಕು ಅಂತ ಸಭೆಯಲ್ಲಿ ಹೇಳ್ತಾರೆ. ನಾನು ಹೇಳಿದ್ದಕ್ಕೆಲ್ಲ ಒಬ್ಬ ಸಿಸ್ಟರ್ "ಸ್ತೋತ್ರ ಅನ್ನಿ, ಬಾಯಲ್ಲಿ ನೆಗೆಟಿವ್ ಮಾತು ಬರಬಾರದು" ಅಂದರು. ಒಳಗೆ ಅಳು ಇಟ್ಟುಕೊಂಡು ಮೇಲೆ ಸ್ತೋತ್ರ ಅಂದರೆ ದೇವರಿಗೆ ಸುಳ್ಳು ಹೇಳಿದ ಹಾಗೆ ಆಗಲ್ವಾ? ನಿಜವಾಗಿ ನೀವೆಲ್ಲ ಏನು ಮಾಡ್ತೀರಿ, ಅದನ್ನ ಹೇಳಿ.

ಹೊಸಕೋಟೆ_ಬ್ರದರ್

ಪ್ರೈಸ್ ದ ಲಾರ್ಡ್ ಸಿಸ್ಟರ್. ಆ ಸಿಸ್ಟರ್ ಹೇಳಿದ್ದರಲ್ಲಿ ಸತ್ಯ ಇದೆ. ಜೀವ ಮರಣ ಎರಡೂ ನಾಲಿಗೆಯ ವಶದಲ್ಲಿದೆ ಅಂತ ಬೈಬಲಿನ ಜ್ಞಾನೋಕ್ತಿ 18ರಲ್ಲಿ ಓದ್ತೀವಿ. ದಿನವಿಡೀ "ನನ್ನ ಹಣೆಬರಹ ಇಷ್ಟೇ" ಅನ್ನುತ್ತಿದ್ದರೆ ಮನಸ್ಸು ಆ ದಾರೀಲೇ ಹೋಗುತ್ತೆ. ನಾನು ಎದ್ದ ಕೂಡಲೇ ಮೊಣಕಾಲೂರಿ, ಇದು ಕರ್ತನು ಮಾಡಿದ ದಿನ ಅಂತ ಜೋರಾಗಿ ಹೇಳ್ತೀನಿ. ಕೀರ್ತನೆ 118. ಮನೆಯವರೆಲ್ಲ ಹೇಳ್ತೀವಿ, ಮಕ್ಕಳಿಗೂ ಬಾಯಿಪಾಠ ಆಗಿದೆ.

ಭಾನುವಾರದ ಸಂತೋಷ ಮಂಗಳವಾರಕ್ಕೆ ಇರಲ್ಲ ಅಂದಿರಿ. ಅದಕ್ಕೆ ದುಃಖಪಡಬೇಡಿ. ವಿಮೋಚನಕಾಂಡ 16 ತೆಗೆದು ಓದಿ. ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಮನ್ನ ಅನ್ನೋ ಆಹಾರ ಬಿದ್ದಾಗ ಆಯಾ ದಿನದ್ದು ಆಯಾ ದಿನವೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆ ಅಂತ ಎತ್ತಿಟ್ಟವರದು ಹುಳ ಬಿದ್ದು ನಾತ ಹೊಡೀತು. ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು. ಭಾನುವಾರದ್ದನ್ನ ಇಡೀ ವಾರ ಉಳಿಸಿಕೊಳ್ಳಿ ಅಂತ ದೇವರು ಎಲ್ಲೂ ಹೇಳಿಲ್ಲ ಸಿಸ್ಟರ್. ಮಂಗಳವಾರದ್ದು ಮಂಗಳವಾರ ಬೆಳಗ್ಗೆ ಕೇಳಬೇಕು.

ನೈಟ್_ಡ್ಯೂಟಿ

ಮನ್ನದ ಮಾತು ಒಪ್ತೀನಿ ಬ್ರದರ್. ನಾಲಿಗೆಯ ಮಾತನ್ನ ಈ ಹೊತ್ತಿಗೆ ಈ ಅಕ್ಕನಿಗೆ ಹೇಳಬಾರದಿತ್ತು.

ಅಕ್ಕಾ, ನಾನು ಸ್ಟಾಫ್ ನರ್ಸ್. ಒಂದೆರಡು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರಾತ್ರಿ ನಿದ್ದೆ ಎಷ್ಟು? ನಡುರಾತ್ರಿ ಅತ್ತೆಗಾಗಿ ಎಷ್ಟು ಸಲ ಏಳ್ತೀರಿ? ಊಟ ಸೇರುತ್ತಾ? ಮೊದಲು ಇಷ್ಟ ಇದ್ದ ಕೆಲಸ ಈಗಲೂ ಇಷ್ಟ ಆಗುತ್ತಾ? ಬದುಕೇ ಬೇಡ ಅನ್ನಿಸುತ್ತಾ? ಈ ಕೊನೆಯದಕ್ಕೆ ಹೌದು ಅಂತಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅಷ್ಟಿಲ್ಲದಿದ್ದರೂ ಒಂದು ಸಲ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಕಡಿಮೆ ಆದರೂ ಮನಸ್ಸು ಹೀಗೇ ಕುಗ್ಗುತ್ತೆ. ಅದಕ್ಕೆ ಮಾತ್ರೆ ಬೇಕು. ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಆಯ್ತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತೇ ಇದೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕಾರ್ಯ ನೋಡಿದವನು, ರಾಣಿ ಈಜೆಬೆಲಳ ಕೊಲೆ ಬೆದರಿಕೆಗೆ ಓಡಿಹೋಗಿ ಗಿಡದ ಬುಡದಲ್ಲಿ ಕೂತು "ನನಗೆ ಸಾಕು, ನನ್ನ ಪ್ರಾಣ ತಗೋ" ಅಂತಾನೆ. ದೇವದೂತ ಬಂದು ಬೈದನಾ? ನಂಬಿಕೆ ಎಲ್ಲಿ ಹೋಯ್ತು ಅಂದನಾ? ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗೋಕೆ ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ, ಯಾಕಂದರೆ ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ದೇವರು ಮಾತಾಡಿದ್ದು ಆಮೇಲೆ. ನಮ್ಮ ವಾರ್ಡಿನಲ್ಲಿ ಪೇಷಂಟ್ ಕಡೆಯವರು ಬೆಂಚಿನ ಮೇಲೆ ಕೂತು ಅಳುವಾಗ ನನಗೆ ಇದೇ ನೆನಪಾಗೋದು. ಮೊದಲು ಟೀ ತರಿಸ್ತೀನಿ, ಆಮೇಲೆ ಮಾತು.

ಕೆಂಗೇರಿ_ತಾಯಿ

ಬದುಕೇ ಬೇಡ ಅಂತ ಇಲ್ಲ ತಂಗಿ, ಮಗನ ಮುಖ ನೋಡಿದರೆ ಅಂಥ ಯೋಚನೆ ಬರಲ್ಲ. ನಿದ್ದೆ ಸರಿಯಾಗಿಲ್ಲ, ಅದು ನಿಜ. ಅತ್ತೆ ರಾತ್ರಿ ಕೂಗ್ತಾರೆ. ಬ್ಲಡ್ ಟೆಸ್ಟ್ ಮಾಡಿಸ್ತೀನಿ. ಇಷ್ಟು ವಿಚಾರಿಸಿದವರು ನೀವೇ ಮೊದಲು.

ನಿವೃತ್ತ_ಮೇಷ್ಟ್ರು

ಅಮ್ಮಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಹಡ್ಸನ್ ಚರ್ಚಿನ ಕನ್ನಡ ಸಭೆಯವನು. ಕಾರ್ಪೊರೇಷನ್ ಹತ್ತಿರದ ಆ ಕಲ್ಲಿನ ದೇವಾಲಯಕ್ಕೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ನಿಮ್ಮ ಹಾಗೆಯೇ ಎಚ್ಚರವಾಗುತ್ತಿದ್ದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

"ಯಾವಾಗಲೂ ಸಂತೋಷಿಸಿರಿ" ಎಂದು ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ಎಲ್ಲಿ ಕೂತು ಬರೆದ, ಯಾರಿಗೆ ಬರೆದ ಎಂಬುದನ್ನು ಬಿಟ್ಟುಬಿಡುತ್ತಾರೆ. ಬರೆದದ್ದು ಸೆರೆಯಲ್ಲಿದ್ದಾಗ. ಆ ಫಿಲಿಪ್ಪಿ ಊರಿನಲ್ಲಿಯೇ ಹಿಂದೆ ಅವನಿಗೂ ಜೊತೆಗಾರ ಸೀಲನಿಗೂ ಬಟ್ಟೆ ಹರಿದು ಕೋಲುಗಳಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಸೆರೆಮನೆಯ ಒಳಕೋಣೆಯಲ್ಲಿ ಕೂಡಿದ್ದರು. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ. ನಡುರಾತ್ರಿ ಇಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳುತ್ತಿದ್ದರು. ಭೂಕಂಪವಾಗಿ ಬಾಗಿಲು ತೆರೆದಾಗ ಸೆರೆಮನೆಯ ಯಜಮಾನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟ. ಪೌಲ ಕೂಗಿ ತಡೆದ. ಅದೇ ರಾತ್ರಿ ಆ ಮನುಷ್ಯ ಇವರ ಗಾಯ ತೊಳೆದ, ಮನೆಗೆ ಕರೆದು ಊಟ ಹಾಕಿದ. ಮುಂದೆ ಪೌಲನ ಪತ್ರ ಹೋದದ್ದು ಆ ಊರಿನ ಸಭೆಗೇ. ಬೆನ್ನಿನ ಮೇಲಿನ ಗಾಯ ಕಂಡವರು ಅಲ್ಲಿ ಕೂತು ಕೇಳಿಸಿಕೊಂಡಿರಬೇಕು. ಅವರ ಮುಂದೆ ಬಾಯಿಮಾತಿನ ಸಂತೋಷ ನಡೆಯುವುದಿಲ್ಲ.

ಆ ಪತ್ರವನ್ನು ಮೊದಲಿನಿಂದ ಓದಿ. ತನಗೆ ಸಂಕಟ ಕೊಡಬೇಕೆಂದೇ ಹೊಟ್ಟೆಕಿಚ್ಚಿನಿಂದ ಪ್ರಸಂಗ ಮಾಡುವವರು ಇದ್ದಾರೆ ಎನ್ನುತ್ತಾನೆ. ಜೊತೆ ಕೆಲಸಗಾರ ಎಪಫ್ರೊದೀತನು ಸಾಯುವ ಹಾಗಿದ್ದಾಗ ಅವನು ಬದುಕದಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಸಂತೋಷಿಸಿರಿ ಎನ್ನುವ ಮಾತಿಗೆ ಸ್ವಲ್ಪ ಮುಂಚೆ ಸಭೆಯ ಇಬ್ಬರು ಹೆಂಗಸರು ಒಂದಾಗಲಿ ಎಂದು ಹೆಸರು ಹಿಡಿದು ಬೇಡುತ್ತಾನೆ. ಅಂದರೆ ಅಳು, ಜಗಳ, ಕಾಯಿಲೆ ಯಾವುದನ್ನೂ ಮುಚ್ಚಿಡದ ಪತ್ರದಲ್ಲಿಯೇ ಸಂತೋಷದ ಮಾತು ಇದೆ. ಚಿಂತೆ ಮಾಡಬೇಡಿ ಎಂದವನು ಅಲ್ಲಿಗೆ ನಿಲ್ಲಿಸದೆ, ನಿಮಗೆ ಬೇಕಾದದ್ದನ್ನೆಲ್ಲ ದೇವರಿಗೆ ತಿಳಿಸಿ ಎಂದ. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಎಂದೂ ಹೇಳಿದ. ಅಂಥ ಅಪೊಸ್ತಲನಿಗೇ ಕಲಿಯಬೇಕಾಗಿ ಬಂತು. ನಲವತ್ತು ಮಕ್ಕಳ ಕ್ಲಾಸಿಗೆ ಪಾಠ ಮಾಡಿದವನು ನಾನು, ಕಲಿಯುವುದು ಎಷ್ಟು ನಿಧಾನದ ಕೆಲಸ ಎಂದು ಬಲ್ಲೆ.

ನಾನು ಮಾಡುವುದನ್ನು ಕೇಳಿದಿರಿ. ಹಾಸಿಗೆಯಲ್ಲಿ ಕೂತೇ ಮೊದಲು ಇದ್ದದ್ದನ್ನು ಹೇಳುತ್ತೇನೆ, "ಸ್ವಾಮಿ, ಇವತ್ತು ಏಳುವುದಕ್ಕೆ ಮನಸ್ಸಿಲ್ಲ" ಎಂದು. ಆಮೇಲೆ ಒಂದು ಕೀರ್ತನೆ, ಪೇಪರ್ ಬಿಡಿಸುವ ಮುಂಚೆ. ಅದಾದ ಮೇಲೆ ಒಂದು ಹಾಳೆ ತೆಗೆಯುತ್ತೇನೆ. ಹಳೇ ಕ್ಯಾಲೆಂಡರಿನ ಹಿಂಬದಿ, ಅದರಲ್ಲಿ ವಾರದ ಏಳು ದಿನಕ್ಕೂ ಹೆಸರುಗಳಿವೆ. ಸೋಮವಾರ ನನ್ನ ಹಳೇ ವಿದ್ಯಾರ್ಥಿಗಳು, ಮಂಗಳವಾರ ನಮ್ಮ ಬೀದಿಯ ಮನೆಗಳು, ಬುಧವಾರ ಆಸ್ಪತ್ರೆಯಲ್ಲಿರುವವರು, ಹೀಗೆ. ಗುಣವಾದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ. ತೀರಿಕೊಂಡವರ ಹೆಸರನ್ನು ಅಳಿಸುವುದಿಲ್ಲ, ಅವರ ಮನೆಯವರ ಹೆಸರನ್ನು ಕೆಳಗೆ ಬರೆಯುತ್ತೇನೆ. ಹಾಳೆಯ ಅಂಚು ಹರಿದು ಅಂಟುಪಟ್ಟಿ ಹಾಕಿದ್ದೇನೆ. ಆ ಹೆಸರುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ನಾನು ಎದ್ದು ನಿಂತಿರುತ್ತೇನೆ. ದುಃಖ ಹೋಗಿರುವುದಿಲ್ಲ. ಆದರೆ ಆ ದಿನ ಯಾರಿಗೆ ಫೋನ್ ಮಾಡಬೇಕು, ಯಾರ ಮನೆಗೆ ಹೋಗಬೇಕು ಎಂದು ಗೊತ್ತಾಗಿರುತ್ತದೆ.

ನಿಮ್ಮ ಹೆಸರು ಗೊತ್ತಿಲ್ಲ. ಗುರುವಾರದ ಸಾಲಿನಲ್ಲಿ "ಕೆಂಗೇರಿಯ ತಾಯಿ, ಅವರ ಅತ್ತೆ, ಯಜಮಾನರು, ಮಗ" ಎಂದು ಬರೆದುಕೊಂಡಿದ್ದೇನೆ.

ಕೊತ್ತನೂರು_ಲೀಲಿ

ಮೇಷ್ಟ್ರೇ, ಓದಿ ಕಣ್ಣು ತುಂಬಿತು. ಆ ಹಾಳೆ ಐಡಿಯಾ ನಾನೂ ಇವತ್ತೇ ಶುರು ಮಾಡ್ತೀನಿ.

ಬಸವನಗುಡಿ_ನೆರೆಯವ

ನಾನು ಕ್ರೈಸ್ತನಲ್ಲ, ಗೆಳೆಯರೊಬ್ಬರು ಕಳಿಸಿದ್ದರಿಂದ ಓದಿದೆ. ನಿಜವಾಗಿ ತಿಳಿಯುವುದಕ್ಕೇ ಕೇಳ್ತೀನಿ. ನಮ್ಮ ಆಫೀಸಿಗೆ ಒಬ್ಬ ಟ್ರೈನರ್ ಬಂದು, ದಿನಾ ಕನ್ನಡಿ ಮುಂದೆ ನಿಂತು "ನಾನು ಗೆಲ್ತೀನಿ" ಅಂತ ಹೇಳಿಕೊಳ್ಳಿ ಅಂದರು. ಕೆಲವರಿಗೆ ಅದು ಸಹಾಯ ಮಾಡಿದ್ದೂ ಉಂಟು. ಬ್ರದರ್ ಬೆಳಗ್ಗೆ ಜೋರಾಗಿ ಹೇಳುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಥಿಯಾಲಜಿ_ವಿದ್ಯಾರ್ಥಿ

ಒಳ್ಳೇ ಪ್ರಶ್ನೆ ಸರ್. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಇದು.

ಕನ್ನಡಿ ಮುಂದೆ ನಿಂತಾಗ ಕಾಣೋದು ನಾನೇ. ನನಗೆ ಶಕ್ತಿ ಇದ್ದ ದಿನ ಅದು ನಡೆಯುತ್ತೆ. ಶಕ್ತಿ ಇಲ್ಲದ ದಿನ, "ಇವತ್ತು ನಗೋಕೂ ಆಗಲಿಲ್ಲ" ಅನ್ನೋ ಸೋಲೂ ಒಂದು ಸೇರಿಕೊಳ್ಳುತ್ತೆ. ಕ್ರೈಸ್ತ ಪ್ರಾರ್ಥನೆಯಲ್ಲಿ ಎದುರಿಗೆ ಇನ್ನೊಬ್ಬರು ಇದ್ದಾರೆ. ನಾನು ಗೆಲ್ಲದ ದಿನವೂ ಅವರು ಅಲ್ಲೇ ಇರ್ತಾರೆ.

ದೇವರ ಕರುಣೆ ದಿನದಿನವೂ ಹೊಸದು ಅನ್ನೋ ವಚನ ಇದೆಯಲ್ಲ, ನಮ್ಮ ಬಹಳ ಮನೆಗಳ ಗೋಡೆ ಮೇಲೆ ಸೂರ್ಯೋದಯದ ಚಿತ್ರದ ಜೊತೆ ತೂಗುಹಾಕಿರ್ತಾರೆ. ಅದು ಇರೋದು ಪ್ರಲಾಪಗಳು ಅನ್ನೋ ಪುಸ್ತಕದಲ್ಲಿ. ಹೆಸರೇ ಹೇಳುವ ಹಾಗೆ ಅದು ಗೋಳಾಟ. ಬಾಬೆಲಿನವರು (ಬ್ಯಾಬಿಲೋನ್ ರಾಜ್ಯದವರು) ಯೆರೂಸಲೇಮನ್ನು ಮುತ್ತಿ, ದೇವಾಲಯ ಸುಟ್ಟು, ಜನರನ್ನು ಸೆರೆ ಒಯ್ದ ಮೇಲಿನ ಅಳು. ಕ್ರಿಸ್ತಪೂರ್ವ ಆರನೇ ಶತಮಾನದ ಮಾತು. ಮಕ್ಕಳು ಬೀದಿಯಲ್ಲಿ ರೊಟ್ಟಿ ಕೇಳ್ತಾ ಬಿದ್ದಿರೋದು ಅದರಲ್ಲಿದೆ. ಐದು ಅಧ್ಯಾಯ. ಮೊದಲ ನಾಲ್ಕನ್ನು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದ್ದಾರೆ. ಅಷ್ಟು ದೊಡ್ಡ ದುಃಖವನ್ನ ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೆ, ಒಂದನ್ನೂ ಬಿಡದೆ ದೇವರ ಮುಂದೆ ಹೇಳಿದ್ದಾರೆ. ಮೂರನೇ ಅಧ್ಯಾಯ ಶುರುವಾಗೋದೇ, ದೇವರೇ ನನ್ನನ್ನು ಕತ್ತಲೆಗೆ ನಡೆಸಿದ ಅನ್ನೋ ದೂರಿನಿಂದ. ಅದೇ ಬಾಯಿ ಸ್ವಲ್ಪ ಮುಂದೆ, ಆದರೂ ಇದನ್ನು ನೆನಪಿಗೆ ತಂದುಕೊಂಡು ನಿರೀಕ್ಷೆ ಇಡ್ತೀನಿ ಅನ್ನುತ್ತೆ. ಬೆಳಗಿನ ಕರುಣೆಯ ಮಾತು ಬರೋದು ಅಲ್ಲಿ. ಆಮೇಲೂ ಅಳು ನಿಲ್ಲಲ್ಲ. ಪುಸ್ತಕ ಮುಗಿಯೋದೂ ದೇವರು ನಮ್ಮನ್ನು ಪೂರ್ತಿ ತಳ್ಳಿಬಿಟ್ಟನೇನೋ ಅನ್ನೋ ಭಯದಲ್ಲೇ.

ಹಾಗಾಗಿ ಅಕ್ಕಾ, ನಿಮ್ಮ "ಸುಳ್ಳಾಗಲ್ವಾ" ಅನ್ನೋ ಮಾತಿಗೆ ನನ್ನ ಉತ್ತರ: ಅಳು ಬಚ್ಚಿಟ್ಟು ಸ್ತೋತ್ರ ಅಂದರೆ ಅದು ಅರ್ಧ ಪ್ರಾರ್ಥನೆ. ಅಳ್ತಾ ಸ್ತೋತ್ರ ಅಂದರೆ ಸುಳ್ಳಲ್ಲ. ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಇಂಥ ಮೊರೆಗಳೇ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತೆ, ಆದರೂ ಪವಿತ್ರ ಗ್ರಂಥದಲ್ಲಿ ಅದಕ್ಕೆ ಜಾಗ ಇದೆ. ಸ್ನೇಹಿತ ಲಾಜರನ ಸಮಾಧಿ ಹತ್ತಿರ ಯೇಸು ಅತ್ತರು, ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಮೂವರು ಸ್ನೇಹಿತರ ಹತ್ತಿರ ಬಾಯಿಬಿಟ್ಟು ಹೇಳಿ, ಜೊತೆಗಿರಿ ಅಂತ ಕೇಳಿಕೊಂಡರು. ನೆಗೆಟಿವ್ ಮಾತಾಡಬೇಡಿ ಅಂತ ಅವರಿಗೆ ಯಾರು ಹೇಳಬಲ್ಲರು? ಅಷ್ಟೆಲ್ಲ ಹೇಳಿದ ಮೇಲೆ, ನನ್ನ ಚಿತ್ತ ಅಲ್ಲ ನಿಮ್ಮ ಚಿತ್ತ ಅಂತ ಎದ್ದು ನಡೆದರು. ನಾವು ದಿನಾ ಬೆಳಗ್ಗೆ ಮಾಡಬೇಕಾದ ತೀರ್ಮಾನ ಅಂದರೆ ಅದೇ ಅಂತ ನಾನು ನಂಬ್ತೀನಿ. ಗುಡ್ ಫ್ರೈಡೇ ದಾಟದೆ ಈಸ್ಟರ್ ಬಂದಿಲ್ಲ.

ಬಸವನಗುಡಿ_ನೆರೆಯವ

ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಎದುರಿಗೆ ಇನ್ನೊಬ್ಬರು ಇದ್ದಾರೆ ಅನ್ನೋದು ಅರ್ಥವಾಯಿತು. ನಮ್ಮಮ್ಮ ದೇವರ ಮನೆಯಲ್ಲಿ ಕೂತು ದೇವರ ಜೊತೆ ಜಗಳ ಆಡೋದು ನೆನಪಾಯ್ತು.

ಶಿವಾಜಿನಗರ_ಹುಡುಗ

ನಾವು ಕಥೋಲಿಕರು. ಅಮ್ಮನದು ಇಲ್ಲಿನ ಸೇಂಟ್ ಮೇರಿ ಬೆಸಿಲಿಕಾ ಚರ್ಚ್ ಹತ್ತಿರ ಹೂವು, ಮೇಣದಬತ್ತಿ ಅಂಗಡಿ. ಆಗಸ್ಟ್ 29ಕ್ಕೆ ಬಾವುಟ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೂ ನಮಗೆ ಹಗಲು ರಾತ್ರಿ ಒಂದೇ. ಸೀರೆ ಉಟ್ಟ ಮರಿಯ ಮಾತೆಯ ಮುಂದೆ ನಿಂತವರ ಮುಖ ನೋಡಿದ್ದೀನಿ. ಅಳ್ತಾ ಬಂದವರೂ ಇರ್ತಾರೆ, ಥ್ಯಾಂಕ್ಸ್ ಹೇಳೋಕೆ ಬಂದವರೂ ಇರ್ತಾರೆ, ಇಬ್ಬರೂ ಒಂದೇ ಕ್ಯೂ. ಎಲ್ಲ ಧರ್ಮದವರೂ ಇರ್ತಾರೆ.

ನಾನು ಹೇಳಬೇಕೆಂದಿದ್ದು ಬೆಳಗ್ಗೆ ಬಗ್ಗೆ ಅಲ್ಲ, ರಾತ್ರಿ ಬಗ್ಗೆ. ಯೇಸುಸಭೆಯ (ಜೆಸುಯಿಟ್) ಫಾದರ್ ಒಬ್ಬರು ನಮಗೆ ಕಾಲೇಜಲ್ಲಿ ಕಲಿಸಿದ್ದು. ಆ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಸೈನಿಕ ಆಗಿದ್ದವರು, 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರೀತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದಾಗ ತಮ್ಮ ಮನಸ್ಸನ್ನೇ ಗಮನಿಸಿದರು. ಪರಾಕ್ರಮದ ಕನಸು ಕಾಣುವಾಗ ಖುಷಿ, ಆಮೇಲೆ ಮನಸ್ಸು ಬರಡು. ಕ್ರಿಸ್ತರ ಬಗ್ಗೆ, ಸಂತರ ಬಗ್ಗೆ ಯೋಚಿಸಿದರೆ ಖುಷಿ ಆಮೇಲೂ ಉಳೀತಿತ್ತು. ಅವರು ಕೊಟ್ಟಿರೋ ಸಾಧನೆ, ಮಲಗುವ ಮುಂಚೆ ದೇವರ ಜೊತೆ ಕೂತು ಇವತ್ತಿನ ದಿನವನ್ನ ಹಿಂದಕ್ಕೆ ನೋಡೋದು. ಮೊದಲು ಥ್ಯಾಂಕ್ಸ್. ಆಮೇಲೆ ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಎಲ್ಲಿ ತಪ್ಪಾಯ್ತು, ನಾಳೆಗೆ ಏನು ಸಹಾಯ ಬೇಕು. ಹತ್ತು ನಿಮಿಷ ಸಾಕು. ಮೊಬೈಲ್ ನೋಡ್ತಾ ನಿದ್ದೆ ಹೋದ ರಾತ್ರಿಗೂ ಹೀಗೆ ಮಲಗಿದ ರಾತ್ರಿಗೂ ಬೆಳಗ್ಗೆ ಏಳುವಾಗ ತುಂಬ ವ್ಯತ್ಯಾಸ ಇರುತ್ತೆ ಅಕ್ಕಾ.

ಹೊಸಕೋಟೆ_ಬ್ರದರ್

ಎಲ್ಲರ ಮಾತೂ ಓದಿದೆ. ಬಾಯಲ್ಲಿ ಒಳ್ಳೇ ಮಾತು ಇರಬೇಕು ಅನ್ನೋದರಲ್ಲಿ ನನಗೆ ಸಂಶಯ ಇಲ್ಲ. ಕುಗ್ಗಿರುವ ಮನಸ್ಸಿಗೆ ನಾವೇ ದೇವರ ಮಾತು ಹೇಳಬೇಕು. ಕೀರ್ತನೆ 42ರಲ್ಲಿ ಭಕ್ತ ಹಾಗೇ ಮಾಡ್ತಾನೆ, ಯಾಕೆ ಕುಗ್ಗಿದ್ದೀ ಅಂತ ತನ್ನ ಮನಸ್ಸನ್ನೇ ಕೇಳ್ತಾನೆ, ದೇವರನ್ನು ನಿರೀಕ್ಷಿಸು ಅಂತಾನೆ. ಅದೇ ಕೀರ್ತನೆಯಲ್ಲಿ ಹಗಲೂ ರಾತ್ರಿ ಕಣ್ಣೀರೇ ಆಹಾರ ಅಂತಲೂ ಇದೆ, ಅದೂ ದೇವರ ವಾಕ್ಯವೇ.

ಸಿಸ್ಟರ್, ಯಜಮಾನರು ಯಾವ ಲೈನಲ್ಲಿ ಕೆಲಸ ಮಾಡ್ತಿದ್ದರು? ನಮ್ಮ ಸಭೆಯಲ್ಲಿ ಫ್ಯಾಕ್ಟರಿ, ಲಾಜಿಸ್ಟಿಕ್ಸ್ ಕಡೆಯವರು ಇದ್ದಾರೆ. ಬಯೋಡೇಟಾ ನನಗೆ ಇನ್‌ಬಾಕ್ಸ್ ಮಾಡಿ. ಪ್ರಾರ್ಥನೆಯನ್ನೂ ಮಾಡ್ತೀವಿ, ಓಡಾಡೋದನ್ನೂ ಮಾಡ್ತೀವಿ.

ಕೆಂಗೇರಿ_ತಾಯಿ

ಒಬ್ಬೊಬ್ಬರಿಗೂ ಉತ್ತರ ಬರೀಬೇಕು ಅಂತಿದೆ, ಆಗ್ತಿಲ್ಲ. ಮೇಷ್ಟ್ರು ಬರೆದಿದ್ದನ್ನ ಯಜಮಾನರಿಗೆ ಓದಿ ಹೇಳಿದೆ. ಅವರು ಕೆಲಸ ಹೋದ ಮೇಲೆ ಮನೆ ಪ್ರಾರ್ಥನೆಗೆ ಕೂರೋದೇ ಬಿಟ್ಟಿದ್ದರು. ಪೌಲನ ಬೆನ್ನಿನ ಗಾಯದ ಹತ್ತಿರ ಬಂದಾಗ "ಇನ್ನೊಂದು ಸಲ ಓದು" ಅಂದರು.

ಇವತ್ತು ಬೆಳಗ್ಗೆ ಅತ್ತೆ ಬಾಯಿ ತೊಳೆಸುವಾಗ, ಸುಮ್ಮನೆ ಮನಸ್ಸಲ್ಲಿ ಗೊಣಗೋ ಬದಲು ಇದ್ದದ್ದನ್ನ ಜೋರಾಗೇ ಹೇಳಿದೆ. "ಸ್ವಾಮಿ, ಸುಸ್ತಾಗಿದೆ, ಕೋಪ ಬರ್ತಿದೆ, ಇವತ್ತಿನದ್ದಕ್ಕೆ ಮಾತ್ರ ಶಕ್ತಿ ಕೊಡಿ" ಅಂತ. ಅತ್ತೆಗೆ ಮಾತು ತೊದಲುತ್ತೆ. ಆದರೂ ಎಡಗೈ ಎತ್ತಿ ನನ್ನ ತಲೆ ಮೇಲಿಟ್ಟು "ಆಮೆನ್" ಅಂದರು. ಅವರಿಗೂ ಸುಸ್ತಾಗಿದೆ ಅನ್ನೋದು ನನಗೆ ಆಗ ಹೊಳೀತು. ಇನ್ನು ಮೇಲೆ ಬೆಳಗಿನ ಪ್ರಾರ್ಥನೆ ಅವರ ಜೊತೆಗೇ ಮಾಡೋದು ಅಂತ ಇದ್ದೀನಿ. ಮೆಟ್ರೋದಲ್ಲಿ ಮೊಬೈಲ್ ಬದಲು ಫಿಲಿಪ್ಪಿ ಪತ್ರ, ದಿನಕ್ಕೆ ಸ್ವಲ್ಪ ಸ್ವಲ್ಪ.

ಬ್ರದರ್, ಅವರು ಸ್ಟೋರ್ಸ್ ನೋಡ್ಕೋತಿದ್ದರು. ಬಯೋಡೇಟಾ ಕಳಿಸ್ತೀನಿ.

ನರ್ಸ್ ತಂಗಿಗೆ ಒಂದು ಪ್ರಶ್ನೆ. ಅತ್ತೆ ಸೊಂಟದ ಹಿಂದೆ ಚರ್ಮ ಕೆಂಪಗಾಗಿದೆ. ಪೌಡರ್ ಹಾಕಿದರೆ ಸಾಕಾ?

ನೈಟ್_ಡ್ಯೂಟಿ

ಸಾಲದು ಅಕ್ಕಾ. ಬೆರಳಿನಿಂದ ಒತ್ತಿ ಬಿಡಿ. ಒತ್ತಿದರೂ ಕೆಂಪು ಹೋಗದಿದ್ದರೆ ಬೆಡ್‌ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಶುರು ಅಂತ ಅರ್ಥ, ಡಾಕ್ಟರಿಗೆ ತೋರಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬೇಡಿ, ಕೆಳಗೆ ಬೆಡ್‌ಶೀಟ್ ಮಡಿಸಿ ಹಾಕಿ ಇಬ್ಬರು ಹಿಡಿದು ಎತ್ತಿ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಿನ ಕೆಳಗೆ ದಿಂಬು. ಕೆಂಪಾದ ಜಾಗವನ್ನ ತಿಕ್ಕಬೇಡಿ. ಏರ್ ಬೆಡ್ ಇದ್ದರೆ ತುಂಬ ಒಳ್ಳೇದು, ಬಾಡಿಗೆಗೂ ಸಿಗುತ್ತೆ. ರಾತ್ರಿ ಸರದಿ ನಿಮ್ಮ ಯಜಮಾನರು ವಾರದಲ್ಲಿ ಮೂರು ದಿನ ತಗೊಳ್ಳಲಿ. ಇದನ್ನ ನಾನು ಹೇಳಿದೆ ಅಂತಲೇ ಅವರಿಗೆ ಹೇಳಿ.

ಕೊತ್ತನೂರು_ಲೀಲಿ

ನಮ್ಮಪ್ಪನಿಗೆ ತಂದಿದ್ದ ಏರ್ ಬೆಡ್ ಅಟ್ಟದ ಮೇಲಿದೆ, ಪಂಪ್ ಚೆನ್ನಾಗಿದೆ. ಬಾಡಿಗೆ ಎಲ್ಲ ಬೇಡ. ಶನಿವಾರ ನಮ್ಮ ತಮ್ಮ ಮೈಸೂರು ರೋಡ್ ಕಡೆ ಬರ್ತಾನೆ, ಅವನ ಜೊತೆ ನಾನೂ ಬಂದು ಕೊಟ್ಟು ಹೋಗ್ತೀನಿ. ಅತ್ತೆ ಜೊತೆ ಎರಡು ಗಂಟೆ ನಾನು ಕೂತಿರ್ತೀನಿ, ನೀವು ಒಂದು ನಿದ್ದೆ ಮಾಡಿ. ಅಡ್ರೆಸ್ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.

ಕೆಂಗೇರಿ_ತಾಯಿ

ಮೆಸೇಜ್ ಮಾಡಿದ್ದೀನಿ ಅಕ್ಕಾ. ಹನ್ನೊಂದರ ಮೇಲೆ ಬನ್ನಿ, ಅಷ್ಟರಲ್ಲಿ ಅತ್ತೆ ಸ್ನಾನ ಮುಗಿದಿರುತ್ತೆ. ಊಟ ನಮ್ಮಲ್ಲೇ.